ಕರಾವಳಿಯ ಮನೆಗಳಲ್ಲಿ ಉಳಿದ ಹಳೆಯ ನೆಗೆಟಿವ್‌ಗಳು: ಹುಡುಕಿ, ಒಣಗಿಸಿ, ಸ್ಕ್ಯಾನ್ ಮಾಡಿ ಕಾಪಿಡುವ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ನೆಗೆಟಿವ್‌ಗಳಿಗೆ ಬರವಿಲ್ಲ. ಎಲ್ಲಿಟ್ಟಿದ್ದೇವೆ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಆಲ್ಬಮ್ಮಿನ ಫೋಟೋ ಮಾಸಿ ಹಳದಿಯಾಗಿದ್ದರೂ ಅದೇ ಚಿತ್ರದ ನೆಗೆಟಿವ್ ಸಿಕ್ಕಿದರೆ ಕತೆಯೇ ಬೇರೆ. ಪ್ರಿಂಟ್ ಹಾಕುವಾಗ ಸ್ಟುಡಿಯೋದವರು ಕತ್ತರಿಸಿಬಿಟ್ಟ ಅಂಚು, ಕತ್ತಲಲ್ಲಿ ಮುಳುಗಿದ ಹಿಂದಿನ ಸಾಲಿನ ಮುಖಗಳು, ಸೀರೆಯ ಜರಿ, ಗೋಡೆಯ ಕ್ಯಾಲೆಂಡರ್, ಎಲ್ಲವೂ ಅದರಲ್ಲಿ ಇರುತ್ತವೆ.

ಈ ಕೆಲಸಕ್ಕೆ ಹೊರಟವರು ಮೊದಲು ಕೇಳುವ ಪ್ರಶ್ನೆ ಯಾವ ಸ್ಕ್ಯಾನರ್ ತೆಗೆದುಕೊಳ್ಳಬೇಕು ಎಂಬುದು. ನಮ್ಮ ಊರಿನ ಮಟ್ಟಿಗೆ ಸ್ಕ್ಯಾನರ್ ಮೂರನೆಯ ವಿಷಯ. ಮೊದಲು ನೆಗೆಟಿವ್ ಒಣಗಬೇಕು. ಎರಡನೆಯದಾಗಿ, ಅದರಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲ ಹಿರಿಯರಿಗೆ ಅದನ್ನು ತೋರಿಸಬೇಕು. ಸ್ಕ್ಯಾನಿಂಗ್ ಮುಂದಿನ ವರ್ಷ ಮಾಡಿದರೂ ನಡೆಯುತ್ತದೆ. ಮೊದಲಿನ ಎರಡಕ್ಕೆ ಅಷ್ಟು ಸಮಯವಿಲ್ಲ.

ಎಲ್ಲಿ ಹುಡುಕಬೇಕು

ಆಲ್ಬಮ್ಮಿನ ಕೊನೆಯ ರಟ್ಟಿನ ಜೇಬು, ಗೋದ್ರೇಜ್ ಕಪಾಟಿನ ಲಾಕರಿನಲ್ಲಿ ಪಾಸ್‌ಬುಕ್ಕುಗಳ ಅಡಿ, ಮದುವೆ ಸೀರೆಗಳ ಪೆಟ್ಟಿಗೆ, ಅಟ್ಟದ ಟ್ರಂಕು, ಮುಂಬಯಿಗೋ ಗಲ್ಫಿಗೋ ಹೋದ ಚಿಕ್ಕಪ್ಪ ಬಿಟ್ಟುಹೋದ ಸೂಟ್‌ಕೇಸು: ಇವಿಷ್ಟನ್ನು ನೋಡಿದರೆ ಮುಕ್ಕಾಲು ಪಾಲು ಸಿಕ್ಕಂತೆ. ಮದುವೆ, ಉಪನಯನ, ಗೃಹಪ್ರವೇಶದ ನೆಗೆಟಿವ್‌ಗಳು ಎಷ್ಟೋ ಸಲ ಸ್ಟುಡಿಯೋದಲ್ಲೇ ಉಳಿದಿರುತ್ತವೆ. ಹಳೆಯ ಪ್ರಿಂಟಿನ ಹಿಂಬದಿ ತಿರುಗಿಸಿ ನೋಡಿ. ಸ್ಟುಡಿಯೋದ ಸೀಲು, ಪೆನ್ಸಿಲಿನಲ್ಲಿ ಬರೆದ ಒಂದು ಸಂಖ್ಯೆ ಇದ್ದರೆ ಅದನ್ನು ಹಿಡಿದುಕೊಂಡು ಹೋಗಿ ವಿಚಾರಿಸಿ. ಅಂಗಡಿ ಮುಚ್ಚಿದ್ದರೂ ಮಾಲೀಕರ ಮನೆಯಲ್ಲಿ ಪೆಟ್ಟಿಗೆಗಳು ಇದ್ದಾವು.

ಹಳೆಯ ಕ್ಯಾಮೆರಾ ಸಿಕ್ಕಿದರೆ ಹಿಂಬಾಗಿಲು ತೆರೆಯಬೇಡಿ. ಒಳಗೆ ರೀಲು ಇರಬಹುದು. ರಿವೈಂಡ್ ಮಾಡುವ ಹಿಡಿಯನ್ನು ಮೆಲ್ಲಗೆ ತಿರುಗಿಸಿ. ಬಿಗಿ ಹತ್ತಿದರೆ ಫಿಲ್ಮ್ ಉಂಟು ಎಂದರ್ಥ. ಕ್ಯಾಮೆರಾದ ಅಡಿಯಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿ, ಬಿಗಿ ಪೂರ್ತಿ ಸಡಿಲವಾಗುವವರೆಗೆ ಸುತ್ತಿದ ಮೇಲೆಯೇ ತೆರೆಯಬೇಕು. ರೀಲಿನ ಮೇಲೆ ಸಿ-41 (ಬಣ್ಣದ ನೆಗೆಟಿವ್ ಫಿಲ್ಮ್ ತೊಳೆಯುವ ವಿಧಾನದ ಹೆಸರು) ಎಂದಿದ್ದರೆ ಈಗಲೂ ಫಿಲ್ಮ್ ತೊಳೆಯುವ ದೊಡ್ಡ ಊರಿನ ಲ್ಯಾಬ್‌ಗೆ ಕಳಿಸಬಹುದು. ಕಪ್ಪು ಬಿಳುಪು ರೀಲು ಹಲವು ವರ್ಷಗಳ ನಂತರವೂ ಸ್ವಲ್ಪ ಚಿತ್ರ ಕೊಡುತ್ತದೆ. ಕೊಡಾಕ್ ಕಂಪನಿಯ ಬಣ್ಣದ ಸ್ಲೈಡ್ ಫಿಲ್ಮ್ ಆದ ಕೊಡಾಕ್ರೋಮ್ ರೀಲಿಗೆ ಮಾತ್ರ ದಾರಿ ಮುಚ್ಚಿದೆ. ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಸ್‌ನಲ್ಲಿತ್ತು, 2010ರ ಡಿಸೆಂಬರಿನಲ್ಲಿ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

ಕೈಗೆ ಸಿಕ್ಕಿದ್ದು ಏನು

ಸಾಮಾನ್ಯವಾಗಿ ಸಿಗುವುದು 35 ಮಿಲಿಮೀಟರ್ ಫಿಲ್ಮ್. ಎರಡೂ ಅಂಚಿನಲ್ಲಿ ತೂತುಗಳು, ಒಂದೊಂದು ಚಿತ್ರ 36 ಮಿಲಿಮೀಟರ್ ಉದ್ದ, 24 ಅಗಲ. ತೂತಿಲ್ಲದ, ಸುಮಾರು ಆರು ಸೆಂಟಿಮೀಟರ್ ಚೌಕದ ನೆಗೆಟಿವ್ ಸಿಕ್ಕಿದರೆ ಅದು ಬಹುತೇಕ 120 ಫಿಲ್ಮ್. ಆಗ್ಫಾ ಕ್ಲಿಕ್ ಥ್ರೀ ಇದ್ದ ಮನೆಗಳಲ್ಲಿ ಇದು ಸಿಗುತ್ತದೆ. ಒಂದು ರೀಲಿಗೆ ಹನ್ನೆರಡೇ ಚಿತ್ರ, ಹಾಗಾಗಿ ತೆಗೆದವರು ಯೋಚಿಸಿ ತೆಗೆದಿರುತ್ತಾರೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ‘ಇಂದು’ ಹೆಸರಿನ ಡಬ್ಬಿ ಜೊತೆಗಿದ್ದರೆ ಒಳಗಿರುವುದು ಬಹುತೇಕ ಕಪ್ಪು ಬಿಳುಪು.

ಅಂಚಿನ ಬರಹವನ್ನು ಭೂತಗನ್ನಡಿಯಲ್ಲಿ ಓದಿ. ಫಿಲ್ಮಿನ ಹೆಸರು, ಚಿತ್ರದ ಸಂಖ್ಯೆ ಅಲ್ಲಿರುತ್ತದೆ. ಸಣ್ಣ ಬಾರ್‌ಕೋಡಿನಂಥ ಗೆರೆಗಳು ಕಂಡರೆ ಅದು 1983ಕ್ಕಿಂತ ಹಿಂದಿನ ರೀಲಲ್ಲ, ಫಿಲ್ಮಿನ ಬಗೆ ಹೇಳುವ ಆ ಡಿಎಕ್ಸ್ ಸಂಕೇತ ಬಂದದ್ದೇ ಆ ವರ್ಷ. ಕಿತ್ತಳೆ ಬಣ್ಣದ ನೆಗೆಟಿವ್ ಬಹುಪಾಲು ಸಿ-41 ವಿಧಾನದ್ದು, ಅದು 1972ರಿಂದ ಈಚಿನದು.

ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಹೊಡೆದರೆ ಆ ಫಿಲ್ಮಿನ ಅಸಿಟೇಟ್ ಪಟ್ಟಿಯೇ ಕರಗತೊಡಗಿದೆ. ಆ ಆವಿ ಪಕ್ಕದ ಫಿಲ್ಮಿಗೂ ತಗಲುತ್ತದೆ. ಅವನ್ನು ಕೂಡಲೇ ಬೇರೆ ಇಟ್ಟು, ಸ್ಕ್ಯಾನ್ ಮಾಡುವಾಗ ಮೊದಲ ಸರದಿ ಅವಕ್ಕೇ ಕೊಡಿ. ತುಂಬ ಹಳೆಯ ಸ್ಟುಡಿಯೋ ಸಂಗ್ರಹದಲ್ಲಿ ನೈಟ್ರೇಟ್ ಫಿಲ್ಮ್ ಇರುವ ಸಾಧ್ಯತೆಯೂ ಉಂಟು. ಕೊಡಾಕ್ ಅದರ ತಯಾರಿಕೆ ನಿಲ್ಲಿಸಿದ್ದು 1951ರಲ್ಲಿ. ಅದು ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಸಂಶಯ ಬಂದರೆ ಬಿಸಿ ದೀಪದ ಹತ್ತಿರ ಒಯ್ಯದೆ, ಗಾಳಿಯಾಡುವ ತಂಪು ಜಾಗದಲ್ಲಿಟ್ಟು ಬಲ್ಲವರಿಗೆ ತೋರಿಸಿ.

ಒಣಗಿಸುವುದು, ಬೂಷ್ಟು ಬಿಡಿಸುವುದು

ಫಿಲ್ಮಿನ ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಈ ವಸ್ತು ಬೂಷ್ಟಿಗೆ ಒಳ್ಳೆಯ ಆಹಾರ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು, ಬೂಷ್ಟು ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ ಎಂದ ಮೇಲೆ ಟ್ರಂಕಿನೊಳಗಿನ ನೆಗೆಟಿವ್ ಎಷ್ಟು ಮಳೆಗಾಲ ಕಂಡಿರಬೇಕು! ಬೆಳಕಿಗೆ ಹಿಡಿದರೆ ಒಂದು ಚುಕ್ಕೆಯಿಂದ ಹೊರಟು ಕವಲೊಡೆದ ಸಣ್ಣ ಬೇರುಗಳಂತೆ ಅದು ಕಾಣುತ್ತದೆ. ಅಲ್ಲಿ ಜೆಲಟಿನ್ ನೀರಿಗೆ ಕರಗುವಷ್ಟು ದುರ್ಬಲವಾಗಿರುತ್ತದೆ. ಅದಕ್ಕೇ ಬೂಷ್ಟು ಹಿಡಿದ ನೆಗೆಟಿವ್‌ಗೆ ನೀರು ಮುಟ್ಟಿಸಲೇಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಅಜ್ಜನ ಮುಖವೂ ಎದ್ದುಬರುತ್ತದೆ.

ಮೊದಲ ಕೆಲಸ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಹೊಂದಿಸಿಕೊಳ್ಳುವುದು. ಐದು ಲೀಟರಿನ ಡಬ್ಬಿಗೆ ಸುಮಾರು 100 ಗ್ರಾಂ ಜೆಲ್ ಹಾಕಿ ಶುರುಮಾಡಿ. ನೆಗೆಟಿವ್‌ಗಳನ್ನು ಹಳೆಯ ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಸಡಿಲವಾಗಿ ಬಿಳಿ ಕಾಗದದ ಮಧ್ಯೆ ಇಟ್ಟು ಮುಚ್ಚಿ. ಜೆಲ್ ನೇರವಾಗಿ ಫಿಲ್ಮಿಗೆ ತಾಗದಿರಲಿ. ಮೀಟರ್ 35ರಿಂದ 45ರ ನಡುವೆ ನಿಂತು ಒಂದೆರಡು ವಾರ ಕಳೆಯಲಿ. ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಅವಸರದಲ್ಲಿ ಒಣಗಿದರೆ ಫಿಲ್ಮ್ ಸುರುಳಿಯಾಗಿ ಪದರ ಬಿರುಕು ಬಿಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವುದಂತೂ ಬೇಡವೇ ಬೇಡ, ಅಕ್ಕಿಯ ಹುಡಿ ಪೂರ್ತಿ ಅಂಟಿಕೊಳ್ಳುತ್ತದೆ. ಕಪಾಟಿನ ನುಸಿಗುಳಿಗೆಯನ್ನೂ ದೂರ ಇಡಿ.

ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನು ಕೇಳಿ. ತೇವ ಹೀರಿದಂತೆ ಅದು ಹಸಿರಿಗೆ ತಿರುಗುತ್ತದೆ, 120 ಡಿಗ್ರಿ ಓವನ್ನಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಮನೆಯೊಳಗೆ ಅದನ್ನು ತರದಿರುವುದೇ ಒಳ್ಳೆಯದು.

ಒಣಗಿದ ಮೇಲೆ ಬೂಷ್ಟು ಹುಡಿಯಾಗುತ್ತದೆ. ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಜಗಲಿಯಲ್ಲಿ ಕೂತು, ತುಂಬ ಮೆದುವಾದ ಬ್ರಷ್‌ನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಹೊಡೆಯಿರಿ. ಉಳಿದ ಧೂಳಿಗೆ ರಬ್ಬರ್ ಬ್ಲೋವರ್ ಸಾಕು. ಬಾಯಲ್ಲಿ ಊದಬೇಡಿ, ಎಂಜಲಿನ ಹನಿ ಬಿದ್ದಲ್ಲಿ ಕಲೆಯಾಗುತ್ತದೆ. ಬೆರಳಚ್ಚು, ಎಣ್ಣೆ ಜಿಡ್ಡು ಇದ್ದರೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ನೂಲು ಬಿಡದ ಬಟ್ಟೆಗೆ ಒಂದೆರಡು ಹನಿ ಹಾಕಿ, ಹೊಳೆಯುವ ಬದಿಯಲ್ಲಿ ಮಾತ್ರ ಒರೆಸಿ. ಔಷಧಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 70ರದ್ದು ಬೇಡ, ಅದರಲ್ಲಿ ಉಳಿದದ್ದು ನೀರು. ಚಿತ್ರವಿರುವ ಮಂಕು ಬದಿಗೆ ಬ್ರಷ್ ಬಿಟ್ಟು ಬೇರೇನೂ ತಾಗಿಸಬೇಡಿ. ಕೈಗೆ ಗ್ಲೌಸ್ ಬೇಕು. ನಮ್ಮ ಸೆಕೆಯಲ್ಲಿ ಬೆರಳು ಬೆವರದ ಗಳಿಗೆ ಇರುವುದಿಲ್ಲ.

ಒಂದಕ್ಕೊಂದು ಅಂಟಿಕೊಂಡ ನೆಗೆಟಿವ್‌ಗಳನ್ನು ಎಳೆದು ಬಿಡಿಸಲು ಹೋಗಬೇಡಿ. ಒಣಗಿದ ಮೇಲೆ ತಾನಾಗಿ ಬಿಟ್ಟರೆ ಸರಿ. ಇಲ್ಲವಾದರೆ ಹಾಗೆಯೇ ಇಟ್ಟು, ಸಂರಕ್ಷಣೆಯ ಕೆಲಸ ಗೊತ್ತಿದ್ದವರನ್ನು ಕೇಳಿ.

ಮೊದಲು ಎಲ್ಲವನ್ನೂ ಒಮ್ಮೆ ನೋಡಿಬಿಡಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ.

ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿ. ಅದರ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ ಹಾಲುಬಿಳಿ ಅಕ್ರಿಲಿಕ್ ಹಾಳೆ ನಿಲ್ಲಿಸಿ. ನಾಮಫಲಕ ಮಾಡುವ ಅಂಗಡಿಯಲ್ಲಿ ಕೇಳಿದರೆ ತುಂಡು ಸಿಗುತ್ತದೆ. ಎತ್ತರ ಕೊಡದಿದ್ದರೆ ಪರದೆಯ ಚುಕ್ಕಿಗಳು ಚಿತ್ರದಲ್ಲಿ ಮೂಡುತ್ತವೆ. ಒಂದು ರೀಲಿನ ಪಟ್ಟಿಗಳನ್ನು ಸಾಲಾಗಿ ಮಲಗಿಸಿ ಮೇಲಿಂದ ಮೊಬೈಲಿನಲ್ಲಿ ಒಂದೇ ಫೋಟೋ ತೆಗೆಯಿರಿ. ಬದಿಯಲ್ಲಿ ಚೀಟಿ ಇಟ್ಟು ರೀಲಿಗೊಂದು ಸಂಖ್ಯೆ ಕೊಡಿ, ಕವರಿನ ಮೇಲೂ ಪೆನ್ಸಿಲಿನಲ್ಲಿ ಅದೇ ಸಂಖ್ಯೆ ಬರೆಯಿರಿ. ಹೀಗೆ ಒಂದು ಭಾನುವಾರ ಕೂತರೆ ಮನೆಯ ರೀಲುಗಳಲ್ಲಿ ಹೆಚ್ಚಿನವು ಮುಗಿಯುತ್ತವೆ.

ಮೊಬೈಲಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಬಣ್ಣ ತಿರುಗಿಸುವ ಆಯ್ಕೆ ಇದೆ. ಅದನ್ನು ಚಾಲೂ ಮಾಡಿ ಕ್ಯಾಮೆರಾ ತೆರೆದರೆ ನೆಗೆಟಿವ್ ಪರದೆಯ ಮೇಲೆ ಸೀದಾ ಚಿತ್ರವಾಗಿ ಕಾಣುತ್ತದೆ. ಹಿರಿಯರ ಮುಂದೆ ಕೂರಲು ಇಷ್ಟು ಸಾಕು. ಅವರಿಗೆ ನೆಗೆಟಿವ್ ಕೊಟ್ಟರೆ ಗೊತ್ತಾಗುವುದಿಲ್ಲ, ಅದರಲ್ಲಿ ಕೂದಲು ಬೆಳ್ಳಗೆ, ಮುಡಿದ ಶಂಕರಪುರ ಮಲ್ಲಿಗೆ ಕಪ್ಪಗೆ. ತಿರುಗಿಸಿದ ಚಿತ್ರ ಕಂಡ ಕೂಡಲೇ ಮಾತು ಹೊರಡುತ್ತದೆ. ಗಮನಿಸಿ, ಮುಖಕ್ಕಿಂತ ಮೊದಲು ಅವರಿಗೆ ಗುರುತು ಸಿಗುವುದು ಜಾಗ. “ಇದು ನಮ್ಮ ಅಂಗಳ ಅಲ್ಲ ಮಗಾ, ತುಳಸಿಕಟ್ಟೆ ಈ ಕಡೆ ಉಂಟಲ್ಲ, ಮೂಡುಬಿದಿರೆ ದೊಡ್ಡಮ್ಮನ ಮನೆ” ಎಂಬಲ್ಲಿಂದ ಶುರುವಾಗಿ, ಯಾರ ಮದುವೆ, ಯಾವ ವರ್ಷ, ಮೂಲೆಯಲ್ಲಿ ನಿಂತ ಹುಡುಗ ಯಾರು ಎಂಬಲ್ಲಿಗೆ ಬರುತ್ತದೆ. ಬರೆದುಕೊಳ್ಳುತ್ತ ಕೂತರೆ ಅವರ ಮಾತು ತುಂಡಾಗುತ್ತದೆ. ಇನ್ನೊಂದು ಮೊಬೈಲಿನಲ್ಲಿ ಧ್ವನಿ ದಾಖಲಿಸಿ, “ರೀಲು ಏಳು, ಚಿತ್ರ ಹನ್ನೆರಡು” ಎಂದು ಮೊದಲು ನೀವೇ ಹೇಳಿಬಿಡಿ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ, ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಹಾಗೆಯೇ ಇರಲಿ.

ವರ್ಷ ನೆನಪಿಲ್ಲದಿದ್ದರೆ ಚಿತ್ರವನ್ನೇ ಕೇಳಬೇಕು. ಹಿಂದೆ ನಿಂತ ಬಸ್ಸಿನಲ್ಲಿ ಕೆಎ-19 ಅಥವಾ ಕೆಎ-20 ಎಂದಿದ್ದರೆ ಅದು 1989ಕ್ಕಿಂತ ಮೊದಲಿನ ಚಿತ್ರವಲ್ಲ. ಫಲಕದಲ್ಲಿ ಉಡುಪಿ ಜಿಲ್ಲೆ ಎಂದಿದ್ದರೆ 1997ರ ಆಗಸ್ಟಿನ ನಂತರದ್ದು. ಉಡುಪಿಯವರಿಗೆ ಇನ್ನೂ ಒಳ್ಳೆಯ ಲೆಕ್ಕ ಒಂದುಂಟು. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು, ಸಮಸಂಖ್ಯೆಯ ವರ್ಷದಲ್ಲಿ. ಎಂಟು ಮಠಗಳ ಸರದಿ ಒಂದು ಸುತ್ತು ಬರಲು 16 ವರ್ಷ. ರಥಬೀದಿಯ ಮೆರವಣಿಗೆಯ ಚಿತ್ರದಲ್ಲಿ ಕಮಾನಿನ ಮೇಲೆ ಪೇಜಾವರ ಮಠದ ಹೆಸರು ಓದಲು ಸಿಕ್ಕಿದರೆ ಅದು 1968, 1984, 2000 ಅಥವಾ 2016. ಪುತ್ತಿಗೆಯಾದರೆ 1976, 1992, 2008 ಅಥವಾ 2024. ಅಂಚಿನ ಬಾರ್‌ಕೋಡು, ಫಿಲ್ಮಿನ ಬಣ್ಣ, ಮಕ್ಕಳ ವಯಸ್ಸು ಸೇರಿಸಿ ನೋಡಿದರೆ ನಾಲ್ಕರಲ್ಲಿ ಒಂದು ಉಳಿಯುತ್ತದೆ.

ಯಾವುದರಲ್ಲಿ ಸ್ಕ್ಯಾನ್ ಮಾಡುವುದು

ಎಲ್ಲ ಚಿತ್ರಗಳಿಗೂ ಒಂದೇ ಶ್ರಮ ಹಾಕಬೇಕಿಲ್ಲ. ಮೊಬೈಲಿನ ಪ್ರತಿಯಲ್ಲೇ ಉಳಿಯಬಹುದಾದವು ಬಹಳ ಇರುತ್ತವೆ. ಆರಿಸಿಕೊಂಡವನ್ನು ಮಾತ್ರ ಚೆನ್ನಾಗಿ ಮಾಡಿ.

ಮನೆಯಲ್ಲಿ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಅದೇ ಉತ್ತಮ. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕು, ಹಳೆಯದಾದರೂ ಸಾಕು. ಕ್ಯಾಮೆರಾ ಇಲ್ಲದಿದ್ದರೆ ಎಪ್ಸನ್ ವಿ600ರಂಥ, ಮುಚ್ಚಳದಲ್ಲಿ ದೀಪವಿರುವ ಫ್ಲಾಟ್‌ಬೆಡ್ ಸ್ಕ್ಯಾನರ್ ನೋಡಿ. ದೊಡ್ಡ 120 ನೆಗೆಟಿವ್‌ಗೆ ಅದು ಚೆನ್ನಾಗಿ ಹೊಂದುತ್ತದೆ. 35 ಮಿಲಿಮೀಟರ್ ಮಾತ್ರ ಇದ್ದರೆ ಪ್ಲಸ್‌ಟೆಕ್‌ನಂಥ ಫಿಲ್ಮ್ ಸ್ಕ್ಯಾನರ್ ಹೆಚ್ಚು ವಿವರ ಕೊಡುತ್ತದೆ. ಪುಟ್ಟ ಪರದೆ ಇರುವ, ಮೆಮೊರಿ ಕಾರ್ಡಿಗೆ ಚಿತ್ರವನ್ನು ಕುಗ್ಗಿಸಿ ಜೆಪೆಗ್ ಕಡತವಾಗಿ ಮಾತ್ರ ಬರೆಯುವ ಅಗ್ಗದ ಪೆಟ್ಟಿಗೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಮೊಬೈಲಿಗಿಂತ ಹೆಚ್ಚಿನದೇನೂ ಅವುಗಳಿಂದ ಸಿಗುವುದಿಲ್ಲ.

ಲ್ಯಾಬ್‌ಗೆ ಕೊಡುವವರು ಮೊದಲು ಒಂದೇ ರೀಲು ಕೊಟ್ಟು ನೋಡಿ. ಚಿತ್ರದ ವಿವರ ಕಳೆಯದ ಟಿಫ್ ಕಡತ ಕೊಡುತ್ತಾರೆಯೇ, ಎಷ್ಟು ಪಿಕ್ಸೆಲ್, ಪಟ್ಟಿ ಕತ್ತರಿಸದೆ ಹಿಂದಿರುಗಿಸುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕೊರಿಯರ್ ಮಾಡುವುದಾದರೆ ಜಿಪ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿ, ಮಳೆಗಾಲ ಮುಗಿದ ಮೇಲೆ ಕಳಿಸಿ.

ಕ್ಯಾಮೆರಾದಲ್ಲಿ ಮಾಡುವ ಕ್ರಮ

ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು. ಸೆಕೆ ಕಡಿಮೆ, ಕರೆಂಟು ಹೋಗುವ ಹೆದರಿಕೆಯೂ ಕಡಿಮೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ.

ನೆಗೆಟಿವ್‌ಗೆ ಅಡಿಯಿಂದ ಬೆಳಕು ಕೊಡುವ ಹಲಗೆಯ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ) 95 ಅಥವಾ ಹೆಚ್ಚು ಇರಲಿ, ಬಣ್ಣ ಸರಿಯಾಗಿ ಬರುವುದು ಅದರಿಂದ. ಅದರ ಮೇಲೆ ಫಿಲ್ಮ್ ಹೋಲ್ಡರ್, ಮೇಲಿಂದ ನೇರ ಕೆಳಗೆ ನೋಡುವಂತೆ ಕ್ಯಾಮೆರಾ. ಮಂಕು ಬದಿ ಕ್ಯಾಮೆರಾ ಕಡೆಗಿರಲಿ, ಚಿತ್ರ ಎಡಬಲ ಅದಲುಬದಲಾಗಿ ಬರುವುದನ್ನು ಕಂಪ್ಯೂಟರಿನಲ್ಲಿ ತಿರುಗಿಸಿದರಾಯಿತು. ಕ್ಯಾಮೆರಾ ಫಿಲ್ಮಿಗೆ ಸಮಾನಾಂತರವಾಗಿದೆಯೇ ಎಂದು ನೋಡಲು ಹೋಲ್ಡರಿನ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಪರದೆಯಲ್ಲಿ ಲೆನ್ಸಿನ ಪ್ರತಿಬಿಂಬ ನಟ್ಟನಡುವೆ ಕಂಡರೆ ಸರಿಯಾಗಿದೆ. ಇದು ತಪ್ಪಿದರೆ ಚಿತ್ರದ ಒಂದು ಮೂಲೆ ಸ್ಪಷ್ಟ, ಇನ್ನೊಂದು ಮಸುಕು. ಚಿತ್ರದ ಸುತ್ತ ಹಲಗೆಯ ಉಳಿದ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ.

ಐಎಸ್‌ಒ 100, ಅಪರ್ಚರ್ ಎಫ್8, ಎಲ್ಲವೂ ಮ್ಯಾನುಯಲ್, ರಾ ಕಡತ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಕಡತ), ಎರಡು ಸೆಕೆಂಡಿನ ಟೈಮರ್. ಫೋಕಸ್ ಮಾಡುವಾಗ ಪರದೆಯನ್ನು ಪೂರ್ತಿ ಹಿಗ್ಗಿಸಿ ಫಿಲ್ಮಿನ ಕಾಳು, ಅಂದರೆ ಚಿತ್ರ ಮೂಡಿಸಿದ ಸಣ್ಣ ಕಣಗಳು, ಕಾಣುವ ತನಕ ತಿರುಗಿಸಿ. ಎಕ್ಸ್‌ಪೋಶರ್ ಎಷ್ಟು? ಚಿತ್ರಗಳ ನಡುವಿನ ಖಾಲಿ ಫಿಲ್ಮ್ ಪ್ರಕಾಶಮಾನವಾಗಿರಬೇಕು, ಆದರೆ ಕ್ಯಾಮೆರಾ ಪರದೆಯಲ್ಲಿ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್, ಹಿಸ್ಟೋಗ್ರಾಮಿನ ಬಲ ಅಂಚಿಗೆ ಹೊಡೆಯಬಾರದು. ನಾನು ನೋಡುವ ಪರೀಕ್ಷೆ ಮಲ್ಲಿಗೆಯದು. ಫ್ಲ್ಯಾಶ್ ಹೊಡೆದು ತೆಗೆದ ಮದುವೆ ಚಿತ್ರದಲ್ಲಿ ಮುಡಿಯ ಮಲ್ಲಿಗೆಯೇ ನೆಗೆಟಿವ್‌ನ ಅತಿ ದಟ್ಟ ಜಾಗ. ತಿರುಗಿಸಿದ ಮೇಲೆ ಅಲ್ಲಿ ಬಿಡಿಬಿಡಿ ಮೊಗ್ಗು ಕಂಡರೆ ಸ್ಕ್ಯಾನ್ ಸರಿಯಾಗಿದೆ. ಬರೀ ಬಿಳಿ ಮುದ್ದೆಯಾಗಿ ಬಂದರೆ ಶಟರ್ ಇನ್ನಷ್ಟು ನಿಧಾನ ಮಾಡಿ ಮತ್ತೆ ತೆಗೆಯಿರಿ. ಒಂದು ರೀಲಿಗೆ ಒಂದೇ ಎಕ್ಸ್‌ಪೋಶರ್ ಇಟ್ಟುಕೊಂಡರೆ ಬಣ್ಣ ಸರಿಪಡಿಸುವಾಗ ಕೆಲಸ ಹಗುರ.

ಸ್ಕ್ಯಾನರಿನಲ್ಲಾದರೆ 35 ಮಿಲಿಮೀಟರಿಗೆ 2400 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ತುಂಬ ಪ್ರಿಯವಾದವಕ್ಕೆ 3200. 2400ರಲ್ಲಿ ಸುಮಾರು 3400 ಗುಣಿಸು 2270 ಪಿಕ್ಸೆಲ್ ಬರುತ್ತದೆ, 11 ಇಂಚು ಅಗಲದ ಪ್ರಿಂಟಿಗೆ ಅದು ಧಾರಾಳ. ಫ್ಲಾಟ್‌ಬೆಡ್‌ನ ಪೆಟ್ಟಿಗೆಯ ಮೇಲಿನ 6400 ಎಂಬ ಅಂಕಿಗೆ ಮರುಳಾಗಬೇಡಿ. ಅಲ್ಲಿ ಕಡತ ದೊಡ್ಡದಾಗುತ್ತದೆ, ವಿವರ ಅಷ್ಟು ಹೆಚ್ಚುವುದಿಲ್ಲ. ಬಣ್ಣಕ್ಕೆ 48 ಬಿಟ್, ಟಿಫ್ ಆಯ್ಕೆ ಮಾಡಿ, ಶಾರ್ಪನಿಂಗ್ ಬಂದ್ ಮಾಡಿ. ಧೂಳು ತೆಗೆಯುವ ಡಿಜಿಟಲ್ ಐಸ್ ಸೌಲಭ್ಯ ಬಣ್ಣದ ನೆಗೆಟಿವ್‌ಗೆ ಮಾತ್ರ. ಅದು ನಡೆಯುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಕಪ್ಪು ಬಿಳುಪಿನ ಬೆಳ್ಳಿ ಆ ಬೆಳಕನ್ನು ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ಬಗೆದು ಕೆಡಿಸುತ್ತದೆ.

ಬಣ್ಣ ತಿರುಗಿಸುವುದು

ಬಣ್ಣದ ನೆಗೆಟಿವ್ ಅನ್ನು ಸುಮ್ಮನೆ ಇನ್ವರ್ಟ್ ಮಾಡಿದರೆ ಎಲ್ಲವೂ ನೀಲಿಯಾಗಿ ಬರುತ್ತದೆ. ಫಿಲ್ಮಿನ ಕಿತ್ತಳೆ ಛಾಯೆಯೇ ಅದಕ್ಕೆ ಕಾರಣ, ಮೊದಲು ಅದನ್ನು ಕಳೆಯಬೇಕು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ನೆಗಡಾಕ್ಟರ್ ಎಂಬ ಭಾಗವಿದೆ. ಅದರಲ್ಲಿ ಎರಡು ಚಿತ್ರಗಳ ನಡುವಿನ ಖಾಲಿ ಪಟ್ಟಿಯನ್ನು ಆರಿಸಿ ತೋರಿಸಿದರೆ ಛಾಯೆಯನ್ನು ತಾನೇ ಲೆಕ್ಕ ಹಾಕುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವಾಗ ಆ ಖಾಲಿ ಅಂಚು ಸ್ವಲ್ಪವಾದರೂ ಚಿತ್ರದೊಳಗೆ ಬರಲಿ. ಲೈಟ್‌ರೂಮ್ ಇದ್ದವರಿಗೆ ನೆಗೆಟಿವ್ ಲ್ಯಾಬ್ ಪ್ರೊ, ಸ್ಕ್ಯಾನರ್ ಇದ್ದವರಿಗೆ ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಇದೆ.

ಹಳೆಯ ಫಿಲ್ಮಿನ ಮೂರು ಬಣ್ಣದ ಪದರಗಳು ಒಂದೇ ವೇಗದಲ್ಲಿ ಮಾಸಿರುವುದಿಲ್ಲ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಸರಿಪಡಿಸಬೇಕು. ನಮ್ಮ ಚಿತ್ರಗಳಲ್ಲಿ ಇದಕ್ಕೆ ಆಧಾರ ಸುಲಭವಾಗಿ ಸಿಗುತ್ತದೆ: ಬಿಳಿ ಪಂಚೆ ಬಿಳಿಯಾಗಲಿ, ಮಂಗಳೂರು ಹಂಚಿನ ಮಾಡು ಹಂಚಿನ ಬಣ್ಣಕ್ಕೆ ಬರಲಿ. ಇವೆರಡು ಕೂತರೆ ಮುಖದ ಬಣ್ಣವೂ ಹತ್ತಿರ ಬಂದಿರುತ್ತದೆ. ಮುಖವನ್ನು ಬೆಳ್ಳಗೆ ಮಾಡುವ ಆಸೆ ಬೇಡ. ರಾತ್ರಿಯ ಯಕ್ಷಗಾನ, ದೈವದ ಕೋಲದ ಚಿತ್ರಗಳು ತೆಳುವಾಗಿರುತ್ತವೆ, ಅವುಗಳ ಕತ್ತಲು ಕತ್ತಲಾಗಿಯೇ ಇರಲಿ. ಎಳೆದು ಬೆಳಗಿಸಿದರೆ ಬರೀ ಕಾಳು ಎದ್ದುಕಾಣುತ್ತದೆ. ಕೋಲದ ಚಿತ್ರಗಳನ್ನು ಜಾಲತಾಣಕ್ಕೆ ಏರಿಸುವ ಮುಂಚೆ ಆ ದೈವಸ್ಥಾನದವರನ್ನೂ, ಕೋಲ ಕಟ್ಟಿದವರ ಮನೆಯವರನ್ನೂ ಕೇಳಿ. ಕೇಳದೆ ಹಾಕುವುದು ಸರಿಯಲ್ಲ.

ಹೆಸರಿಟ್ಟು ಕಾಪಿಡುವುದು

ಕಡತಕ್ಕೆ ವರ್ಷ, ರೀಲು, ಚಿತ್ರದ ಸಂಖ್ಯೆ ಈ ಕ್ರಮದಲ್ಲಿ ಹೆಸರಿಡಿ: 1984-ರೀಲು07-12. ವರ್ಷ ಖಚಿತವಿಲ್ಲದಿದ್ದರೆ 198x ಎಂಬಂತೆ ಕೊನೆಯ ಅಂಕಿ ಬಿಡಿ. ಯಾರು, ಎಲ್ಲಿ ಎಂಬುದನ್ನು ಕಡತದ ಹೆಸರಿಗೆ ತುರುಕದೆ ಚಿತ್ರದೊಳಗಿನ ವಿವರಣೆಯಲ್ಲಿ ಬರೆಯಿರಿ. ಉಚಿತ ತಂತ್ರಾಂಶ ಡಿಜಿಕ್ಯಾಮ್‌ನಲ್ಲಿ ಕನ್ನಡದಲ್ಲೇ ಬರೆಯಬಹುದು. “ಎಡದಿಂದ” ಎಂದು ಶುರುಮಾಡಿ ಎಲ್ಲರ ಹೆಸರು, ಸಂಬಂಧ ಎರಡನ್ನೂ ಹಾಕಿ. ‘ದೊಡ್ಡಪ್ಪ’ ಎಂದಷ್ಟೇ ಬರೆದರೆ ಮೂವತ್ತು ವರ್ಷದ ನಂತರ ಓದುವವರಿಗೆ ಯಾರ ದೊಡ್ಡಪ್ಪ ಎಂದು ತಿಳಿಯುವುದಿಲ್ಲ. ಧ್ವನಿ ಕಡತಕ್ಕೂ ಅದೇ ರೀಲಿನ ಸಂಖ್ಯೆ.

ಟಿಫ್ ಮೂಲಪ್ರತಿ, ಜೆಪೆಗ್ ಹಂಚುವ ಪ್ರತಿ. 2400 ಡಿಪಿಐ, 48 ಬಿಟ್‌ನಲ್ಲಿ ಒಂದು ಟಿಫ್ ಸುಮಾರು 46 ಎಂಬಿ ತೂಗುತ್ತದೆ, 36 ಚಿತ್ರದ ರೀಲಿಗೆ ಸುಮಾರು 1.7 ಜಿಬಿ ಜಾಗ ಬೇಕು. ಮೂರು ಪ್ರತಿ ಮಾಡಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮೂರನೆಯದು ಬೇರೆ ಊರಿನ ಅಕ್ಕನ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯಬೇಡಿ, ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದಾಗ ಬೇಕಾಗುವುದು ಅದೇ. ಪಿವಿಸಿ ಕವರಿನ ಬದಲು ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಪಟ್ಟಿಗಳನ್ನು ಜೋಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಜೆಲ್ ಮತ್ತು ಮೀಟರಿನ ಜೊತೆ ಇಡಿ. ಜಾಗ ಅಟ್ಟವಲ್ಲ, ಹೊರಗೋಡೆಗೆ ತಾಗಿದ ಕಪಾಟೂ ಅಲ್ಲ, ಮನೆಯ ನಡುಕೋಣೆ. ಹುಳಿ ವಾಸನೆಯವಕ್ಕೆ ಬೇರೆ ಡಬ್ಬಿ. ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಜೆಲ್ ಬಿಸಿಮಾಡಿ ಮತ್ತೆ ಹಾಕಿ. ಜುಲೈಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಮುಚ್ಚಳ ತೆರೆಯದೆ ಮೀಟರ್ ನೋಡಿ, 50 ದಾಟಿದ್ದರೆ ಜೆಲ್ ಬದಲಿಸಿ.